ಅಪ್ಪನ ಟೆಸ್ಟಿಗೆ ಅಂತ ಉಡೋನ್ ಥಾನಿಗೆ ಹೋಗಿದ್ದು

ನಾವಿರೋ ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಯಾರಿಗಾದ್ರೂ ಸ್ವಲ್ಪ ದೊಡ್ಡ ಟೆಸ್ಟ್ ಬೇಕು ಅಂದ್ರೆ "ಉಡೋನ್‌ಗೆ ಹೋಗ್ಬನ್ನಿ" ಅಂತಾರೆ, ನಮ್ಮ ಸಾಗರದ ಕಡೆಯೋರು "ಮಣಿಪಾಲಕ್ಕೆ ಕರ್ಕೊಂಡು ಹೋಗಿ" ಅನ್ನೋ ಥರಾನೇ. ಏನಂದ್ರೆ ಮಧ್ಯದಲ್ಲಿ ಹುಲಿಕಲ್ ಘಾಟಿ ಬದ್ಲು ಮೆಕಾಂಗ್ ನದಿ, ಆಚೆ ದಡ ಥಾಯ್ಲೆಂಡ್, ಪಾಸ್‌ಪೋರ್ಟ್ ಬೇಕು ಅಷ್ಟೇ.

ಅಮ್ಮ ಹೋದ್ಮೇಲೆ ಅಪ್ಪ ನಮ್ಜೊತೆ ಲಾವೋಸ್‌ಗೆ ಬಂದು ಎರಡು ವರ್ಷ ಆಯ್ತು. ವಯಸ್ಸು 71, ಶುಗರ್ ಇದೆ, ಶರಾವತಿ ಪವರ್ ಹೌಸಲ್ಲಿ ದುಡಿದು ರಿಟೈರ್ ಆದವ್ರು. ಹೋದ ಡಿಸೆಂಬರ್‌ನಲ್ಲಿ ಮಾಮೂಲಿ ಚೆಕಪ್‌ಗೆ ಅಂತ ಹೋದಾಗ ಇಲ್ಲಿನ ಡಾಕ್ಟ್ರು ಇಸಿಜಿ ನೋಡಿ ಯಾಕೋ ಸರಿ ಕಾಣ್ತಿಲ್ಲ, ಸಿಟಿ ಆಂಜಿಯೋಗ್ರಾಮ್ (ಡೈ ಹಾಕಿ ಹೃದಯದ ರಕ್ತನಾಳ ನೋಡೋ ಸ್ಕ್ಯಾನ್) ಮಾಡಿಸ್ಬಿಡಿ ಅಂದ್ರು. "ನಂಗೇನಾಗಿದ್ಯೇ" ಅಂತ ಅಪ್ಪ ಒಂದು ವಾರ ಹಠ ಮಾಡಿದ್ರು. ಇನ್ಶೂರೆನ್ಸ್‌ನೋರು ಅಪ್ಪ ಅಮ್ಮಂದಿರಿಗೆ ಕವರ್ ಇಲ್ಲ ಅಂತ ಎರಡೇ ಸಾಲಲ್ಲಿ ಮೇಲ್ ಹಾಕಿದ್ರು, ಇರ್ಲಿ ಬಿಡಿ. ಜನವರಿಯಲ್ಲಿ ಮಗಳಿಗೆ ಎರಡು ದಿನ ಸ್ಕೂಲಿಗೆ ರಜ ಹಾಕಿಸಿ ನಾಲ್ಕೂ ಜನ ಹೊರಟ್ವಿ.

ಫ್ರೆಂಡ್‌ಶಿಪ್ ಬ್ರಿಡ್ಜ್ ಅಂತಾರೆ ಆ ಸೇತುವೆಗೆ, 1994ರಲ್ಲಿ ಆಸ್ಟ್ರೇಲಿಯಾದವರ ದುಡ್ಡಲ್ಲಿ ಕಟ್ಟಿದ್ದು, ಉದ್ದ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಲಾವೋಸಲ್ಲಿ ಗಾಡಿ ಬಲಗಡೆ ಓಡ್ಸೋದು, ಥಾಯ್ಲೆಂಡಲ್ಲಿ ನಮ್ಮ ಥರ ಎಡಗಡೆ, ಹಾಗಾಗಿ ಸೇತುವೆ ಹತ್ತೋ ಮುಂಚೆ ಸಿಗ್ನಲ್ ಹತ್ರ ಎಲ್ಲಾ ಗಾಡಿಗಳೂ ಅಡ್ಡ ದಾಟಿ ಸೈಡ್ ಬದಲಾಯಿಸ್ಕೋತವೆ. ನಡುರಸ್ತೆಯಲ್ಲೇ ರೈಲು ಕಂಬಿ ಬೇರೆ. ಮಂಕಿ ಕ್ಯಾಪ್ ಹಾಕ್ಕೊಂಡು ಕಿಟಕಿ ಪಕ್ಕ ಕೂತಿದ್ದ ಅಪ್ಪ ಬಗ್ಗಿ ಬಗ್ಗಿ ನೋಡಿ "ಮೀಟರ್ ಗೇಜು! ನಮ್ಮ ತಾಳಗುಪ್ಪ ಲೈನ್ ಹೀಗೇ ಇತ್ತು" ಅಂದ್ರು, ಬೆಳಗ್ಗೆಯಿಂದ ಅವ್ರು ಆಡಿದ ಮೊದಲ್ನೇ ಮಾತು ಅದು. ಕಾಫಿ ಇಲ್ಲ ಅನ್ನೋ ಸಿಟ್ಟು. ಈ ಟೆಸ್ಟಿಗೆ ಹಿಂದಿನ ದಿನದಿಂದಾನೇ ಕಾಫಿ ಟೀ ಬಂದ್, ಅದು ಹಾರ್ಟ್ ರೇಟ್ ಏರಿಸುತ್ತೆ ಅಂತ.

ಸೇತುವೆ ಆಚೆ ಸಿಗೋ ಥಾಯ್ ಊರು ನಾಂಗ್ ಖಾಯ್‌ನಿಂದ ಉಡೋನ್‌ಗೆ ವ್ಯಾನಲ್ಲಿ ಒಂದು ಗಂಟೆ ಚಿಲ್ಲರೆ, ರಸ್ತೆ ನೀಟಾಗಿದೆ, ನೋಡೋಕೆ ಹೆಚ್ಚೇನಿಲ್ಲ. ಉಡೋನ್ ಥಾನಿ ಅಂದ್ರೆ ನಮ್ಮ 'ಉತ್ತರ' ಮತ್ತೆ ರಾಜಧಾನಿಯ 'ಧಾನಿ' ಅಂತ ನಮ್ಮನೆಯವ್ರು ಹೇಳಿದ್ದೇ ತಡ ಅಪ್ಪ ಉಳಿದ ದಾರಿ ಪೂರ್ತಿ ಬೋರ್ಡ್ ಕಂಡಾಗಲೆಲ್ಲ "ಇದೇನಂತೆ, ಅದೇನಂತೆ" ಅಂತ ಡ್ರೈವರ್ ತಲೆ ತಿಂದ್ರು.

ಆಸ್ಪತ್ರೆಯಲ್ಲಿ ಮೊದ್ಲು ಕ್ರಿಯಾಟಿನಿನ್‌ಗೆ ರಕ್ತ ತಗೊಂಡ್ರು, ಡೈ ಹಾಕೋ ಮುಂಚೆ ಕಿಡ್ನಿ ಸರಿಯಿದ್ಯಾ ನೋಡ್ಬೇಕಲ್ಲ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎರಡು ದಿನ ನಿಲ್ಸಿ ಅಂದ್ರು. ಆಮೇಲೆ ಪ್ರಶ್ನೆಗಳು. ಇಂಟರ್‌ಪ್ರಿಟರ್ ಹುಡುಗಿ ಇಂಗ್ಲಿಷಲ್ಲಿ ನಂಗೆ ಹೇಳೋದು, ನಾನು ಅಪ್ಪಂಗೆ ಕನ್ನಡದಲ್ಲಿ, ಅಪ್ಪ ಎಲ್ಲಾದಕ್ಕೂ "ಇಲ್ಲ, ಏನೂ ಇಲ್ಲ". ಎದೆ ನೋವು? ಇಲ್ಲ. ಸುಸ್ತು? ಇಲ್ಲ. ಉಡೋನ್ ಕಡೆ ಜನ ಮನೇಲಿ ಆಡೋ ಇಸಾನ್ ಭಾಷೆ ಲಾವೋ ಥರಾನೇ ಇರುತ್ತೆ, ನಮ್ಮ ಒಂಬತ್ತು ವರ್ಷದ ಪುಟ್ಟಿಗೆ ಅಕ್ಕಪಕ್ಕದ ಮಕ್ಕಳ ಜೊತೆ ಆಡಿ ಆಡಿ ಲಾವೋ ನೀರು ಕುಡಿದಷ್ಟು ಸಲೀಸು. ವಯಸ್ಸಾದ ನರ್ಸ್ ಒಬ್ರು ಬಿಪಿ ಪಟ್ಟಿ ಕಟ್ತಾ ಸುಮ್ನೆ ಅವಳ ಕಡೆ ತಿರುಗಿ "ಜೆಪ್ ಬೋ?" ಅಂದ್ರು, ನೋಯುತ್ತಾ ಅಂತ. ಇವಳು ಪಟಪಟ ಅಂತ ಏನೋ ಹೇಳಿದ್ಲು. ನರ್ಸ್ ಮುಖ ಗಂಭೀರ ಆಯ್ತು, ಇಂಟರ್‌ಪ್ರಿಟರ್‌ಗೆ ಹೇಳಿದ್ರು, ಅವಳು ನಂಗೆ ಹೇಳಿದ್ಲು: ತಾತ ಮೆಟ್ಟಿಲು ಹತ್ತೋವಾಗ ಅರ್ಧಕ್ಕೆ ನಿಂತು ಎದೆ ಒತ್ಕೋತಾರಂತೆ, ಮಳೆಗಾಲದಿಂದ.

ನಮ್ಮನೇಲಿ, ನಮ್ಮ ಮೆಟ್ಟಿಲ ಮೇಲೆ ಆಗ್ತಿದ್ದಿದ್ದು ಮೂರು ಭಾಷೆ ಸುತ್ತಿ ನನ್ನ ಕಿವಿಗೆ ಬಂತು. ಅಪ್ಪ ಮೊಮ್ಮಗಳನ್ನ ನೋಡಿ "ಅಮ್ಮಂಗೆ ಹೇಳ್ಬೇಡ ಅಂದಿದ್ನಲ್ಲೇ" ಅಂದ್ರೆ ಇವಳು "ಅಮ್ಮಂಗೆ ಎಲ್ಲಿ ಹೇಳ್ದೆ ತಾತ, ನರ್ಸ್‌ಗೆ ಹೇಳ್ದೆ" ಅಂತಾಳೆ. ನಂಗೆ ನಗು ಬರ್ಲಿಲ್ಲ ಆಗ. ವಾಶ್‌ರೂಮಿಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ಪಲ್ಸ್ 80ರ ಮೇಲಿತ್ತು, ಫೋಟೋ ಅಲ್ಲಾಡದೇ ಬರೋಕೆ 60ರ ಹತ್ರ ಇಳೀಬೇಕಂತೆ, ಮಾತ್ರೆ ಕೊಟ್ಟು ಕೂರ್ಸಿದ್ರು, ಒಂದೂವರೆ ಗಂಟೆ ಅಪ್ಪ ಕಣ್ಮುಚ್ಚಿ ಏನೋ ಜಪ ಮಾಡ್ತಾ ಕೂತಿದ್ರು. ಮಶೀನೊಳಗೆ ಹೋಗಿ ಬಂದಿದ್ದು ಒಂದು ಕಾಲು ಗಂಟೆ ಅಷ್ಟೇ. ಹೊರಗೆ ಬಂದೋರು ನೇರ ಅಳಿಯನ್ನ ಮೂಲೆಗೆ ಕರ್ದು "ಅಳಿಯಂದ್ರೇ, ಹಿಂದ್ಗಡೆ ಒದ್ದೆ ಆಗಿದ್ಯಾ ಸ್ವಲ್ಪ ನೋಡಿ" ಅಂದ್ರಂತೆ. ಡೈ ಹೋದಾಗ ಮೈಯೆಲ್ಲ ಬಿಸಿ ಆಗಿ ಉಚ್ಚೆ ಹೋದಂಗೇ ಅನ್ಸುತ್ತೆ, ಎಲ್ರಿಗೂ ಆಗೋದೇ. ಒದ್ದೆ ಏನೂ ಇರ್ಲಿಲ್ಲ.

ಸಂಜೆ ನಾಂಗ್ ಪ್ರಜಾಕ್ ಕೆರೆ ಹತ್ರ ನೀರಲ್ಲಿ ತೇಲೋ ದೊಡ್ಡ ಹಳದಿ ಬಾತುಕೋಳಿ ಬೊಂಬೆಗಳನ್ನ ನೋಡಿ, ರೂಮಲ್ಲಿ ಮನೆಯಿಂದ ತಂದಿದ್ದ ಅವಲಕ್ಕಿ ಮೊಸರು ತಿಂದು ಮಲಗಿದ್ವಿ. ಫಿಶ್ ಸಾಸ್ ಇಲ್ದೇ ಇರೋ ಊಟ ಹುಡುಕೋ ತಾಳ್ಮೆ ಯಾರಿಗೂ ಉಳಿದಿರ್ಲಿಲ್ಲ.

ಮರುದಿನ ರಿಪೋರ್ಟು. ಒಂದು ಕಡೆ ಶೇಕಡ 40ರಷ್ಟು ಕಟ್ಕೊಂಡಿದೆ, ಸದ್ಯಕ್ಕೆ ಸ್ಟೆಂಟ್ ಬೇಡ, ಮಾತ್ರೆ ತಗೊಳ್ಳಿ, ನಡೀರಿ, ಎದೆ ಹಿಡ್ಕೊಂಡ್ರೆ ನಿಲ್ಲಿ, ಮುಚ್ಚಿಡಬೇಡಿ. ಕೊನೇ ಮಾತನ್ನ ಡಾಕ್ಟ್ರು ಪುಟ್ಟಿ ಕಡೆ ನೋಡ್ಕೊಂಡೇ ಹೇಳಿದ್ರು.

ವಾಪಸ್ ಬರೋವಾಗ ನಾಂಗ್ ಖಾಯ್‌ನಲ್ಲಿ ಸಾಲಾ ಕೇವ್ ಕು ಅನ್ನೋ ಮೂರ್ತಿಗಳ ಪಾರ್ಕಿಗೆ ಹೋದ್ವಿ. ಬುನ್‌ಲ್ಯುವಾ ಸುಲಿಲತ್ ಅನ್ನೋರು ಮೊದ್ಲು 1958ರಲ್ಲಿ ವಿಯೆಂಟಿಯಾನ್ ಹತ್ರ ಬುದ್ಧ ಪಾರ್ಕ್ ಶುರು ಮಾಡಿದ್ರು, 1975ರಲ್ಲಿ ಲಾವೋಸಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ನದಿ ದಾಟಿ ಬಂದು ಇಲ್ಲಿ ಮತ್ತೆ ಅಂಥದ್ದೇ ಕಟ್ಟಿದ್ರು. ಬುದ್ಧ, ಶಿವ, ಗಣಪತಿ ಎಲ್ಲಾ ಕಾಂಕ್ರೀಟಲ್ಲೇ. ಏಳು ಹೆಡೆ ನಾಗನ ಕೆಳಗಿನ ಬುದ್ಧ 25 ಮೀಟರ್ ಎತ್ತರ, ಅಪ್ಪ ಅದನ್ನ ನೋಡಿ ಕೈ ಮುಗಿದು, ತಕ್ಷಣ "ಎಷ್ಟು ಮೂಟೆ ಸಿಮೆಂಟ್ ತಿಂದಿರ್ಬಹುದು" ಅಂದ್ರು, ಡ್ಯಾಮ್ ಕಂಡ ಮನುಷ್ಯ ಅಲ್ವಾ.

ಅಲ್ಲೊಂದು ಮೂರಂತಸ್ತಿನ ಕಟ್ಟಡ, ಮೇಲ್ಗಡೆ ಆ ಸುಲಿಲತ್ ಅವರ ದೇಹಾನೇ ಕಾಪಾಡಿ ಇಟ್ಟಿದಾರೆ. ನೋಡ್ಲೇಬೇಕು ಅಂತ ಅಪ್ಪ ಪುಟ್ಟಿ ಕೈ ಹಿಡ್ಕೊಂಡು ಹೊರಟ್ರು, ನಾನು ಚಪ್ಪಲಿ ಕಾಯ್ತಾ ಕೆಳಗೇ ನಿಂತೆ. ಅರ್ಧ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ನಿಂತಿತು. ಆಮೇಲೆ ಮೇಲಿಂದ ಅಪ್ಪನ ಧ್ವನಿ, ಅಲ್ಲಿದ್ದೋರೆಲ್ಲ ತಿರುಗಿ ನೋಡೋ ಹಾಗೆ:

"ನಿಂತಿದೀನಿ ಕಣೇ! ಬರ್ಕೋ!"