18ನೇ ಶತಮಾನದ ಇಟಲಿಯ ಸಂಗೀತ ಸಂಯೋಜಕ ಪೆರ್ಗೊಲೇಸಿಯನ್ನು ಹುಡುಕಿ ನೇಪಲ್ಸ್‌ಗೆ ಹೊರಟಿದ್ದೀರಾ?

'ಪೆರ್ಗೊಲೇಸಿಯ ನೇಪಲ್ಸ್' ಅಂತ ಮಾರುವ ಗೈಡೆಡ್ ವಾಕ್‌ಗೆ ದುಡ್ಡು ಸುರಿಯಬೇಡಿ. ಸ್ಯಾನ್ ಕಾರ್ಲೊ ಥಿಯೇಟರಿನ ಮುಂದೆ ನಿಲ್ಲಿಸಿ, ಅವನ ಪುಟ್ಟ ಹಾಸ್ಯ ಒಪೆರಾ (ಹಾಡಿನ ನಾಟಕ) 'ಲಾ ಸೆರ್ವಾ ಪದ್ರೋನಾ' ಮೊದಲು ಆಡಿದ್ದು ಇಲ್ಲೇ ಅಂದುಬಿಡುತ್ತಾರೆ. ಶುದ್ಧ ಸುಳ್ಳು. ಸ್ಯಾನ್ ಕಾರ್ಲೊ ಶುರುವಾದದ್ದು 1737ರಲ್ಲಿ. ಪೆರ್ಗೊಲೇಸಿ 1736ರ ಮಾರ್ಚ್‌ನಲ್ಲೇ, ಬರೀ 26ನೇ ವಯಸ್ಸಿಗೆ ತೀರಿಕೊಂಡಿದ್ದ. 1733ರ ಸೆಪ್ಟೆಂಬರ್ 5ರಂದು ಅದು ರಂಗಕ್ಕೆ ಬಂದದ್ದು ಸ್ಯಾನ್ ಬಾರ್ತೊಲೊಮೆಯೊ ಥಿಯೇಟರಿನಲ್ಲಿ, ಅವನದೇ ಗಂಭೀರ ಒಪೆರಾವೊಂದರ ಅಂಕಗಳ ನಡುವೆ. ಹಾಡುವವರು ಇಬ್ಬರೇ, ಮೂರನೆಯವನು ಬಾಯಿ ಬಿಡದ ಆಳು. ಆ ಥಿಯೇಟರ್ ಈಗಿಲ್ಲ.

ಅವನು ಕಲಿತ ಸಂಗೀತಶಾಲೆಯ ಕಟ್ಟಡ ವಿಯಾ ದೇಯಿ ತ್ರಿಬುನಾಲಿಯಲ್ಲಿ, ಜಿರೊಲಾಮಿನಿ ಚರ್ಚಿನ ಎದುರಿಗಿದೆ. ಹೊರಗಿಂದ ನೋಡಲು ಐದು ನಿಮಿಷ ಸಾಕು. ಹಳೆಯ ಹಸ್ತಪ್ರತಿ ಬೇಕೆನ್ನುವವರು ಸ್ಯಾನ್ ಪಿಯೆತ್ರೊ ಆ ಮಯೆಲ್ಲಾ ಸಂಗೀತಶಾಲೆಯ ಲೈಬ್ರರಿಗೆ ಮೊದಲೇ ಬರೆದು ಕೇಳಿಕೊಳ್ಳಿ.

ಊಟ ಮಾತ್ರ ತ್ರಿಬುನಾಲಿ ಬೀದಿಯಲ್ಲೇ ಮಾಡಿ. ಮಾರಿನಾರಾ ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಚೀಸ್ ಇಲ್ಲ, ಮೀನಿಲ್ಲ, ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗ. ಅಂಚು ಅಲ್ಲಲ್ಲಿ ಕಪ್ಪಾಗಿ ಉಬ್ಬಿರುತ್ತದೆ, ನಡುಭಾಗ ರಸದಲ್ಲಿ ನೆನೆದು ಕೈಯಲ್ಲಿ ನಿಲ್ಲುವುದಿಲ್ಲ. ನಾಲ್ಕಾಗಿ ಮಡಚಿ ನಿಂತೇ ತಿನ್ನಿ. ಸಸ್ಯಾಹಾರಿಗಳು ಕರಿದ ಪಿಜ್ಜಾದ ಹತ್ತಿರ ಹುಷಾರು: ರಿಕೊತ್ತಾ ಎಂಬ ಮೆತ್ತನೆಯ ಚೀಸ್ ಜೊತೆಗೆ ಹಂದಿಮಾಂಸದ ಚಿಕೊಲಿ ತುಂಬುವುದು ಅಲ್ಲಿಯ ರೂಢಿ. ಆಲೂಗಡ್ಡೆ ಕ್ರೊಕ್ಕೆಯೂ ಮೀನು ಕರಿದ ಎಣ್ಣೆಯಲ್ಲೇ ಬೆಂದಿರಬಹುದು.

ಅವನು ಸತ್ತ ಊರು ಪೊತ್ಸುವೊಲಿಗೆ ಮೆಟ್ರೊ 2ರಲ್ಲಿ ಹೋಗಿ, ಕುಮಾನಾ ರೈಲಿನಲ್ಲಿ ವಾಪಸ್ ಬನ್ನಿ. ಮೆಟ್ರೊ ನಿಲ್ದಾಣ ಗುಡ್ಡದ ಮೇಲಿದೆ, ಕುಮಾನಾದ್ದು ಬಂದರಿನ ಪಕ್ಕ. ತಿರುವುಮುರುವು ಮಾಡಿದರೆ ಬಿಸಿಲಲ್ಲಿ ಏರು ಹತ್ತಬೇಕು. ಟಿಕೆಟ್ ಕೊಳ್ಳುವಾಗ ಯಾವ ರೈಲಿಗೆ ಅಂತ ಸ್ಪಷ್ಟವಾಗಿ ಹೇಳಿ. ಅಲ್ಲಿಯ ಹಳೇ ಕೇರಿ ರಿಯೋನೆ ತೆರ್ರಾದ ಕತೀಡ್ರಲ್ ದಿನವೂ ತೆರೆದಿರುತ್ತದೆಂದು ನಂಬಿ ಹೊರಡಬೇಡಿ. ಒಳಗೆ ರೋಮನ್ ದೇವಾಲಯದ ಕಂಬಗಳು ಚರ್ಚಿನ ಗೋಡೆಯಾಗಿ ನಿಂತಿವೆ. 1964ರ ಬೆಂಕಿಯಲ್ಲಿ ಮೇಲಿನ ಅಲಂಕಾರ ಸುಟ್ಟಮೇಲೆ ಬಯಲಾದವು. ಅವನ ಗೋರಿ ಹುಡುಕಬೇಡಿ, ಸಾಮೂಹಿಕ ಗುಂಡಿಯಲ್ಲಿ ಮಣ್ಣು ಮಾಡಿದರು.

ಹುಟ್ಟಿದೂರು ಯೇಸಿ ರೋಮ್-ಅಂಕೋನಾ ಮಾರ್ಗದಲ್ಲಿದೆ. ಅವನ ಹೆಸರಿನ ಥಿಯೇಟರ್ ಕೂಡ 1798ರದು, ಅವನು ಕಂಡದ್ದಲ್ಲ. ಪ್ರದರ್ಶನದ ಟಿಕೆಟ್ ಕೈಯಲ್ಲಿಲ್ಲದೆ ಅಷ್ಟು ದೂರ ಹೋಗುವುದು ದಂಡ. ಬಾಕ್ಸ್ (ಥಿಯೇಟರಿನ ಗೋಡೆಗುಂಟ ಇರುವ ಪುಟ್ಟ ಕೋಣೆ) ತೆಗೆದುಕೊಂಡರೆ ಮುಂದಿನ ಕುರ್ಚಿಯನ್ನೇ ಹಿಡಿಯಿರಿ. ಬದಿಯ ಬಾಕ್ಸಿನ ಹಿಂದಿನ ಕುರ್ಚಿಯಿಂದ ರಂಗದ ಅರ್ಧ ಮಾಯ.