ಅಕ್ವಿಲೇಯಾದ ಮೊಸಾಯಿಕ್ ನೋಡೋಕೆ ಭಾನುವಾರ ಹೋಗಬೇಡಿ

ಅಕ್ವಿಲೇಯಾ ಇಟಲಿಯ ಈಶಾನ್ಯದ ಚಿಕ್ಕ ಊರು. ವೆನಿಸ್‌ನಿಂದ ತ್ರಿಯೆಸ್ತೆ ಕಡೆಗೆ ಹೋಗುವ ರೈಲು ಹತ್ತಿ, ಚೆರ್ವಿನ್ಯಾನೊದಲ್ಲಿ ಇಳಿದು ಬಸ್ ಹಿಡಿಯಬೇಕು. ನಾವು ಹೋಗಿದ್ದು ಭಾನುವಾರ. ಬಸ್ಸುಗಳೇ ಕಡಿಮೆ, ಟಿಕೆಟ್ ಮಾರುವ ಅಂಗಡಿಗೂ ಬೀಗ. ಬಿಸಿಲಲ್ಲಿ ಕಾದು ಕಾದು ಸಾಕಾಯ್ತು. ಕೊನೆಗೆ ಬಂದ ಟ್ಯಾಕ್ಸಿಯವನು ಬಾಯಿಗೆ ಬಂದ ರೇಟು ಹೇಳಿದ, ಕೊಟ್ಟೆವು. ನೀವು ವಾರದ ದಿನ ಹೋಗಿ. ವಾಪಸ್ ಬರುವ ಬಸ್ ಟಿಕೆಟನ್ನೂ ಮೊದಲೇ ತಗೊಂಡಿರಿ.

ಇಲ್ಲಿನ ಹಳೆಯ ದೊಡ್ಡ ಚರ್ಚು, ಬಸಿಲಿಕಾದಲ್ಲಿ ನೋಡಬೇಕಾದದ್ದು ನೆಲ. ಸುಮಾರು 760 ಚದರ ಮೀಟರ್ ಚಿತ್ರ, ಎಲ್ಲ ಪುಟ್ಟ ಕಲ್ಲಿನ ತುಣುಕುಗಳಲ್ಲಿ. 313ರಲ್ಲಿ ರೋಮ್ ಸಾಮ್ರಾಜ್ಯ ಕ್ರೈಸ್ತರಿಗೆ ಬಹಿರಂಗ ಪೂಜೆಗೆ ಅವಕಾಶ ಕೊಟ್ಟ ಕೆಲವೇ ವರ್ಷಗಳಲ್ಲಿ ಬಿಷಪ್ ಥಿಯೋಡೋರ್ ಹಾಕಿಸಿದ್ದು. ಆಮೇಲೆ ಬಂದ ನೆಲದ ಕೆಳಗೆ ಮುಚ್ಚಿಹೋಗಿದ್ದು 1909ರಲ್ಲಿ ಮತ್ತೆ ಕಣ್ಣಿಗೆ ಬಿತ್ತು.

ನನಗೆ ಆಶ್ಚರ್ಯ ಆಗಿದ್ದು, ಶಿಲುಬೆಗೇರಿದ ಯೇಸು ಈ ನೆಲದ ಚಿತ್ರದಲ್ಲಿ ಎಲ್ಲೂ ಇಲ್ಲ. ಹೇಳಬೇಕಾದದ್ದನ್ನೆಲ್ಲ ಪ್ರಾಣಿ, ಮೀನು, ಕುರಿ ಕಾಯುವವನ ಮೂಲಕವೇ ಹೇಳಿದ್ದಾರೆ. ಮೊಸಾಯಿಕ್ ಮೇಲೆ ನಡೆಯೋಕೆ ಹಾಕಿರುವ ಗಾಜಿನ ದಾರಿಗೆ ಗುಂಪು ಬಂದರೆ ನಿಲ್ಲೋಕೂ ಬಿಡಲ್ಲ. ಅದಕ್ಕೇ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನೇರ ಪೂರ್ವದ ತುದಿಗೆ ನಡೆಯಿರಿ. ಅಲ್ಲಿ ಇಡೀ ಸಮುದ್ರ ಇದೆ. ಗೆರೆಗೆರೆ ಅಲೆ, ಆಕ್ಟೋಪಸ್, ಬಾತುಕೋಳಿ, ಗಾಳ ಹಾಕುವ ರೆಕ್ಕೆಯ ಹುಡುಗರು. ರೋಮನ್ನರ ಮನೆ ನೆಲದಲ್ಲೂ ಇಂಥ ಮೀನುಗಾರರು ಇದ್ದರು. ಚರ್ಚಿಗೆ ಬಂದ ಮೇಲೆ ಅವರು ಮನುಷ್ಯರನ್ನು ಹಿಡಿಯುವ, ಅಂದರೆ ಜನರನ್ನು ಯೇಸುವಿನ ಕಡೆಗೆ ತರುವ ಶಿಷ್ಯರಾದರು. ಅದೇ ನೀರಲ್ಲಿ ಬೈಬಲ್‌ನ ಪ್ರವಾದಿ ಯೋನನ ಕಥೆಯೂ ಇದೆ. ದೋಣಿಯಿಂದ ಬೀಳುತ್ತಾನೆ, ಸುರುಳಿ ಬಾಲದ ಮೃಗ ನುಂಗಿ ಉಗುಳುತ್ತದೆ, ಆಮೇಲೆ ಬಳ್ಳಿಯ ಚಪ್ಪರದಡಿ ಆರಾಮಾಗಿ ಮಲಗಿದ್ದಾನೆ. ಮೂರು ದಿನ ಮೃಗದ ಹೊಟ್ಟೆಯಲ್ಲಿದ್ದು ಹೊರಬಂದವನು, ಸಮಾಧಿಯಿಂದ ಎದ್ದ ಯೇಸುವಿನ ಗುರುತು. ಇಷ್ಟು ತಿಳಿದು ನೋಡಿದರೆ ಆ ಮಲಗಿದ ಮೈ ಬೇರೆಯೇ ಕಾಣುತ್ತೆ.

ಪಕ್ಕದ ನೆಲಮಾಳಿಗೆಗೆ ಟಿಕೆಟ್ ಇದೆ, ಬಿಡಬೇಡಿ. ಗಂಟೆ ಗೋಪುರದ ಅಡಿಪಾಯ ಮೊಸಾಯಿಕ್ ಸೀಳಿಕೊಂಡೇ ಇಳಿದಿದೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಹುಂಜ ಮತ್ತು ಆಮೆಯ ಜಗಳದ ಚಿತ್ರ ಇಲ್ಲಿದೆ. ಬೆಳಗು ಕೂಗುವ ಹುಂಜ ಬೆಳಕು, ಚಿಪ್ಪಿನೊಳಗೆ ಅಡಗುವ ಆಮೆ ಕತ್ತಲು.

ಊಟಕ್ಕೆ ಚೌಕದ ಹೋಟೆಲ್‌ಗಳು ದುಬಾರಿ. ಹಿಂದಿನ ಬೀದಿಯ ಚಿಕ್ಕ ಜಾಗದಲ್ಲಿ ಫ್ರೀಕೊ ತಿಂದೆವು. ಆಲೂಗಡ್ಡೆ, ಮೊಂತಾಸಿಯೊ ಚೀಸ್ ಕಲಸಿ ಬಾಣಲೆಯಲ್ಲಿ ಕೆಂಪಗೆ ಬೇಯಿಸಿದ್ದು, ಅಕ್ಕಿರೊಟ್ಟಿಯ ಹಾಗೆ ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ. ಮಾಂಸ ತಿನ್ನದವರು ಹಂದಿಮಾಂಸ ಹಾಕದ ಫ್ರೀಕೊ ಅಂತ ಬಿಡಿಸಿ ಕೇಳಿ. ಒಂದು ತಟ್ಟೆ ಇಬ್ಬರಿಗೆ ಸಾಕು.