ಎಳೆ ತುಂಡಾಗಬಾರದು

ಪುಣೆಯಲ್ಲಿ ಬೆಳಗಿನಿಂದ ಮಳೆ. ಲ್ಯಾಬ್‌ನಲ್ಲಿ ನಿನ್ನೆ ಸಂಜೆ ಓಡಲು ಬಿಟ್ಟಿದ್ದ ಜೆಲ್ಲನ್ನು ಇವತ್ತು ನೋಡಿದೆ. ವಿದ್ಯುತ್ ಹರಿಸಿ ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಮೆತ್ತನೆಯ ಹಾಳೆ ಅದು. ಗೆರೆಗಳು ಬಿಡಿಬಿಡಿಯಾಗಿ ಕಂಡವು! ಎರಡು ಸಲ ಕೆಟ್ಟು, ಮೂರನೇ ಸಲಕ್ಕೆ ಸರಿಯಾಯಿತು. ಕಣ್ಣು ತುಂಬಿ ಬಂತು.

ಉದ್ದದ ಡಿಎನ್‌ಎ ತುಂಬಾ ನಾಜೂಕು. ದ್ರವ ಎಳೆಯುವ ಪಿಪೆಟ್‌ನಲ್ಲಿ ಸ್ವಲ್ಪ ಜೋರಾಗಿ ಎಳೆದರೂ ತುಂಡಾಗುತ್ತದೆ. ಅದಕ್ಕೇ ಜೀವಕೋಶಗಳನ್ನು ಹಾಗೇ ಅಗರೋಸ್‌ನಲ್ಲಿ (ಜೆಲ್ ಮಾಡುವ ವಸ್ತು) ಹೆಪ್ಪುಗಟ್ಟಿಸುತ್ತೇವೆ. ಆ ಪುಟ್ಟ ಬಿಲ್ಲೆಯೊಳಗೇ ಕೋಶ ಒಡೆಯುವುದು, ತೊಳೆಯುವುದು, ಕಿಣ್ವದಿಂದ ಕತ್ತರಿಸುವುದು. ಮಾಮೂಲಿ ಜೆಲ್‌ನಲ್ಲಿ ಸುಮಾರು 50 ಸಾವಿರ ಬೇಸ್‌ಗಿಂತ (ಬೇಸ್ ಅಂದರೆ ಡಿಎನ್‌ಎಯ ಒಂದು ಅಕ್ಷರ) ದೊಡ್ಡ ತುಂಡುಗಳು ಗುಂಪಾಗಿ ಒಟ್ಟಿಗೇ ಸಾಗುತ್ತವೆ. ವಿದ್ಯುತ್ತಿನ ದಿಕ್ಕನ್ನು ಆಗಾಗ ಬದಲಿಸಿದರೆ ಪ್ರತಿ ತುಂಡೂ ತಿರುಗಿಕೊಳ್ಳಬೇಕು. ದೊಡ್ಡದಕ್ಕೆ ಜಾಸ್ತಿ ಹೊತ್ತು ಬೇಕು, ಹಿಂದೆ ಬೀಳುತ್ತದೆ. ವಿಜ್ಞಾನಿಗಳಾದ ಶ್ವಾರ್ಟ್ಜ್ ಮತ್ತು ಕ್ಯಾಂಟರ್ 1984ರಲ್ಲಿ ಇದನ್ನು ತೋರಿಸಿದರು. ಎಷ್ಟು ಚೆಂದದ ಯೋಚನೆ ಅಲ್ವಾ?

ಮುಂದಿನ ವಾರ ಬ್ಯಾಕ್ ಕ್ಲೋನಿಂಗ್. ಬ್ಯಾಕ್ ಅಂದರೆ ಡಿಎನ್‌ಎ ತುಂಡನ್ನು ಹೊತ್ತು ಬ್ಯಾಕ್ಟೀರಿಯಾದೊಳಗೆ ಒಯ್ಯುವ ಕೃತಕ ಕ್ರೋಮೋಸೋಮ್; ಅಲ್ಲಿ ಆ ತುಂಡಿನ ನಕಲು ಮಾಡಿಸುವುದೇ ಕ್ಲೋನಿಂಗ್. 1992ರಲ್ಲಿ ಬಂದ ಈ ವಾಹಕ ಸುಮಾರು 3 ಲಕ್ಷ ಬೇಸ್‌ವರೆಗಿನ ತುಂಡನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಜೋಪಾನವಾಗಿ ಇಡುತ್ತದೆ. ಮನುಷ್ಯನ ಇಡೀ ಡಿಎನ್‌ಎ ಓದಿದ ಮಾನವ ಜೀನೋಮ್ ಯೋಜನೆಯವರು ಇಂಥ ತುಂಡುಗಳ ಅಂಚುಗಳನ್ನು ಒಂದರ ಮೇಲೊಂದು ಸ್ವಲ್ಪ ಬರುವಂತೆ ಹೊಂದಿಸಿಯೇ ನಕ್ಷೆ ಮಾಡಿದ್ದು.

ಧಾರವಾಡದಿಂದ ಅವ್ವ ಫೋನ್ ಮಾಡಿದಳು. "ಊಟ ಆತೇನವಾ?" ಅಂದಳು. ಖುಷಿಯಲ್ಲಿ ಇದನ್ನೆಲ್ಲ ಹೇಳಿಬಿಟ್ಟೆ. ಪೂರ್ತಿ ಕೇಳಿಸಿಕೊಂಡು, "ಅಂದ್ರ ಕೌದಿ ಹೊಲ್ದಂಗ ಅನ್ನು" ಅಂದಳು.

ರೂಮಿಗೆ ಬಂದು ಅಜ್ಜಿ ಹೊಲಿದ ಕೌದಿ ಬಿಡಿಸಿದೆ. ಹೌದು, ಒಂದು ಬಟ್ಟೆಯ ಅಂಚು ಇನ್ನೊಂದರ ಮೇಲೆ ಸ್ವಲ್ಪ ಬಂದೇ ಇದೆ.